ಶೋಕೇಸಿನ ಕಾಲ

ಶಿರಾದಲ್ಲಿ ಒಂದು ಕಾಲಕ್ಕೆ 50,000 ಮನೆಗಳಿದ್ದವಂತೆ. ಜಗಲಿಯ ಮೇಲೆ ಕುಳಿತ ಅಜ್ಜಿಯರ ಬಡಾಯಿ ಎಂದುಕೊಳ್ಳಬೇಡಿ, ಬಿ.ಎಲ್. ರೈಸ್ ಅವರು ಮೈಸೂರು ಗ್ಯಾಸೆಟಿಯರಿನಲ್ಲಿ ಬರೆದಿಟ್ಟ ಮಾತಿದು. 1687ರಲ್ಲಿ ಮೊಗಲರ ಸುಬಾಕ್ಕೆ ಮುಖ್ಯಪಟ್ಟಣವಾದ ಶಿರಾ, ಮುಂದೆ ದಿಲಾವರ್ ಖಾನನ ಆಳ್ವಿಕೆಯಲ್ಲಿ ಆ ಮಟ್ಟಕ್ಕೆ ಬೆಳೆದಿತ್ತು. ಅವನು ಇಲ್ಲಿ ಕಟ್ಟಿಸಿದ ಅರಮನೆ ಎಷ್ಟು ಸೊಗಸಾಗಿತ್ತೆಂದರೆ, ಹೈದರ್ ಅಲಿಯೂ ಟಿಪ್ಪುವೂ ಬೆಂಗಳೂರಿನಲ್ಲಿ, ಶ್ರೀರಂಗಪಟ್ಟಣದಲ್ಲಿ ಅರಮನೆ ಕಟ್ಟಿಸುವಾಗ ಅದನ್ನೇ ಮಾದರಿಯಾಗಿ ಇಟ್ಟುಕೊಂಡರಂತೆ. ಲಾಲ್‌ಬಾಗಿಗೂ ಶಿರಾದ ಖಾನ್ ಬಾಗ್ ತೋಟವೇ ಪ್ರೇರಣೆಯಾಗಿರಬಹುದು ಎಂದು ರೈಸ್ ಸೂಚಿಸುತ್ತಾರೆ.

ಈಗ ನೋಡಿ. 1791ರಲ್ಲಿ ಮುಗಿದ ಬೆಂಗಳೂರಿನ ಮರದ ಅರಮನೆಯನ್ನು ನಾವು ಟಿಕೇಟು ಕೊಂಡು ನೋಡಿ ಬರುತ್ತೇವೆ. ಅದಕ್ಕೆ ಮಾದರಿಯಾದ ಶಿರಾದ ಅರಮನೆಯ ಒಂದು ಕಂಬವನ್ನು ತೋರಿಸಿ ಎಂದರೆ ತೋರಿಸುವವರಿಲ್ಲ. ಕಲ್ಲಿನಲ್ಲಿ ಕಟ್ಟಿದ ಮಲಿಕ್ ರಿಹಾನನ ಗೋರಿ, 1696ರ ಜಾಮಿಯಾ ಮಸೀದಿ ಉಳಿದುಕೊಂಡವು. ಮಣ್ಣು ಮರಗಳ ಅರಮನೆ ಕರಗಿಹೋಯಿತು. ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಶ್ರೀರಂಗಪಟ್ಟಣದ ಪಕ್ಕದಲ್ಲಿ ಗಂಜಾಂ ಎಂಬ ಹೊಸ ಪೇಟೆ ತುಂಬಿಸಲು ಟಿಪ್ಪು ಇಲ್ಲಿಂದ 12,000 ಕುಟುಂಬಗಳನ್ನು ಎಬ್ಬಿಸಿಕೊಂಡು ಹೋದನೆಂದು ಅದೇ ಗ್ಯಾಸೆಟಿಯರು ಹೇಳುತ್ತದೆ. ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಚರಿತ್ರೆಯ ಪಾಠ ಹೇಳಿದ ನಾನು, ಆ ಸಾಲಿಗೆ ಬಂದಾಗಲೆಲ್ಲ ಒಂದು ಗಳಿಗೆ ನಿಲ್ಲುತ್ತಿದ್ದೆ. ಅಷ್ಟು ಮನೆಗಳ ಹೆಂಗಸರು ಏನನ್ನು ಗಂಟು ಕಟ್ಟಿಕೊಂಡಿರಬಹುದು? ಯಾವ ಭರಣಿಯನ್ನು ಗೂಡಿನಲ್ಲೇ ಬಿಟ್ಟಿರಬಹುದು? ಪರೀಕ್ಷೆಯಲ್ಲಿ ಕೇಳದ ಪ್ರಶ್ನೆ ಇದು. ಆದರೆ ಮನೆ ಬಿಟ್ಟು ಮನೆ ಸೇರಿದ ನಮ್ಮಂಥವರಿಗೆ ಹೊಳೆಯದೆ ಇರದ ಪ್ರಶ್ನೆ.

ನಾನು ಹುಟ್ಟಿದ್ದು ಮಧುಗಿರಿಯಲ್ಲಿ, ಸೇರಿದ್ದು ಶಿರಾಕ್ಕೆ. ಅಕ್ಕನನ್ನು ಕೊಟ್ಟಿದ್ದು ಪಾವಗಡಕ್ಕೆ, ಸೋದರತ್ತೆಯ ಮನೆ ಕೊರಟಗೆರೆ. ಹೀಗಾಗಿ ಈ ನಾಲ್ಕು ಊರುಗಳ ಪಡಸಾಲೆ, ನಡುಮನೆ, ಅಡುಗೆಮನೆಗಳನ್ನು ಆರು ದಶಕಗಳಿಂದ ನೋಡುತ್ತ ಬಂದಿದ್ದೇನೆ. ಅರಮನೆಗಳ ಚರಿತ್ರೆಯನ್ನು ಬರೆಯುವವರಿದ್ದಾರೆ. ನಮ್ಮ ಗೋಡೆಗಳ ಚರಿತ್ರೆಯನ್ನು ನಾವೇ ಹೇಳಿಕೊಳ್ಳಬೇಕು.

ಮೊದಲು ಇದ್ದದ್ದು ಮಾಳಿಗೆ ಮನೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ಈ ಸೀಮೆಗೆ ಹೇಳಿ ಮಾಡಿಸಿದ್ದು. ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಬಿದಿರ ದಬ್ಬೆ, ಅದರ ಮೇಲೆ ಸೊಪ್ಪುಸದೆ, ಮೇಲೆ ದಪ್ಪಗೆ ಮಣ್ಣು, ಎಲ್ಲಕ್ಕಿಂತ ಮೇಲೆ ನೀರು ಬಿಟ್ಟುಕೊಡದ ಕರಲು ಮಣ್ಣು. ಪಾವಗಡದ ಕಡೆ ಮಣ್ಣಿನ ಬದಲು ಕಲ್ಲುಚಪ್ಪಡಿ ಹೊದಿಸಿದ ಮನೆಗಳೂ ಬೇಕಾದಷ್ಟಿದ್ದವು; ಆ ಸೀಮೆಯಲ್ಲಿ ಕಲ್ಲಿಗೇನು ಬರ? ಗೋಡೆ ಎರಡಡಿ ದಪ್ಪ. ಆ ದಪ್ಪದಲ್ಲೇ ನಮ್ಮ ಅಲಂಕಾರವೆಲ್ಲ ಅಡಗಿತ್ತು. ಏಕೆಂದರೆ ದಪ್ಪ ಗೋಡೆಯಿದ್ದರೆ ಗೂಡು ಬಿಡಬಹುದು. ಬಾಗಿಲ ಪಕ್ಕ ದೀಪದ ಗೂಡು, ನಡುಮನೆಯಲ್ಲಿ ಕನ್ನಡಿ ಕುಂಕುಮದ ಗೂಡು, ಒಲೆಯ ಬಳಿ ಉಪ್ಪು ಹುಣಸೆಯ ಗೂಡು. ಗೂಡಿನ ಸುತ್ತ ಕೆಮ್ಮಣ್ಣಿನ ಪಟ್ಟಿ, ಗೋಡೆಗೆ ಸುಣ್ಣ, ನೆಲಕ್ಕೆ ಸೆಗಣಿ, ಅದರ ಮೇಲೆ ರಂಗೋಲಿ. ಅಡುಗೆಮನೆಯಲ್ಲಿ ನಾಗಂದಿಗೆಯ ಮೇಲೆ ತೊಳೆದು ಬೋರಲು ಹಾಕಿದ ಹಿತ್ತಾಳೆ ಪಾತ್ರೆ, ಮೇಲೆ ತೂಗುವ ನೆಲುವು, ಮೂಲೆಯಲ್ಲಿ ರಾಗಿಯ ವಾಡೆ. ಇವುಗಳಲ್ಲಿ ಯಾವುದೂ ಬರೀ ಚೆಂದಕ್ಕೆ ಇದ್ದದ್ದಲ್ಲ. ಎಲ್ಲಕ್ಕೂ ಒಂದು ಕೆಲಸವಿತ್ತು. ಕೆಲಸದ ಜೊತೆಗೆ ಚೆಂದವೂ ಬಂದಿತ್ತು.

ಹಾಗೆಂದು ಹಳೆಯದೆಲ್ಲ ಹೊನ್ನು ಎಂದು ನಾನು ಹಾಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಕರಲು ಮಣ್ಣು ಹೊತ್ತು ಮಾಳಿಗೆಗೆ ಹಾಕದಿದ್ದರೆ ಹಾಸಿಗೆಯ ಮೇಲೆ ಸೋರುತ್ತಿತ್ತು. ಸೊಪ್ಪಿನ ಸಂದಿಯಿಂದ ಚೇಳು ಬೀಳುತ್ತಿತ್ತು. ವಾರಕ್ಕೆರಡು ಸಲ ಮಂಡಿಯೂರಿ ನೆಲ ಸಾರಿಸುತ್ತಿದ್ದವರು ಯಾರು? ಬೆಳಕಿಂಡಿ ಒಂದೇ ಇರುವ ಅಡುಗೆಮನೆಯ ಹೊಗೆ ಕುಡಿದವರು ಯಾರು? ‘ಹೊರಗಾದಾಗ’ ಕೂರಲೆಂದೇ ಇದ್ದ ಮೂಲೆಯನ್ನೂ ನಾನು ಮರೆತಿಲ್ಲ. ನಮ್ಮ ಮನೆಗಳಲ್ಲಿ ಆ ಮೂಲೆ ಮಾಯವಾದದ್ದಕ್ಕೆ ಯಾವ ಹೆಂಗಸೂ ಕಣ್ಣೀರು ಹಾಕಲಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಬಾಣಂತಿಯನ್ನು ಮಗುವಿನ ಸಮೇತ ಊರಾಚೆಯ ಗುಡಿಸಲಿನಲ್ಲಿ ಇರಿಸಿ, ಆ ಹಸುಗೂಸು ತೀರಿಕೊಂಡಾಗ, ಹಳೆಯ ಮನೆಗಳ ಎಲ್ಲ ಪದ್ಧತಿಯೂ ಇನ್ನೂ ಹಳತಾಗಿಲ್ಲವಲ್ಲ ಎಂದು ಎದೆ ಝಲ್ಲೆಂದಿತು. ಕೆಲವು ಸಂಗತಿಗಳ ಕಾಲ ಮುಗಿಯುವುದೇ ಪುಣ್ಯ.

ಮಾಳಿಗೆಯ ಮೇಲೆ ಮೊದಲು ಕೈಮಾಡಿದ್ದು ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕರಾವಳಿಯ ಮಳೆಗೆ ಹುಟ್ಟಿದ ಹೆಂಚು ನಿಧಾನವಾಗಿ ಬಯಲುಸೀಮೆಗೂ ಹತ್ತಿ ಬಂತು. ಹೆಂಚಿನ ಮನೆ ಎಂದರೆ ಸ್ಥಿತಿವಂತರ ಮನೆ. ಹೆಂಚಿಗೆ ಎರಡಡಿ ಗೋಡೆ ಬೇಕಿಲ್ಲ, ಅದರ ಭಾರ ಕಡಿಮೆ. ಗೋಡೆಗಳು ತೆಳ್ಳಗಾದವು. ಗೂಡುಗಳು ಮುಚ್ಚಿದವು. ಬೋಳಾದ ಗೋಡೆಗೆ ಏನಾದರೂ ಬೇಕಲ್ಲ, ಪಟಗಳು ಬಂದವು. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದ ಮೇಲೆ ಲಕ್ಷ್ಮಿ ಸರಸ್ವತಿಯರು ಬಣ್ಣದ ಕಾಗದದ ಮೇಲೆ ಊರೂರು ಸುತ್ತಿದರು. ನಮ್ಮ ತವರಿನ ಪಡಸಾಲೆಯಲ್ಲಿ ಸೂರಿನ ಕೆಳಗೆ ಸಾಲಾಗಿ, ಮುಂದಕ್ಕೆ ಬಾಗಿಸಿ ಕಟ್ಟಿದ ಪಟಗಳಿದ್ದವು: ದೇವರು, ಮೈಸೂರು ಮಹಾರಾಜರು, ಗಾಂಧೀಜಿ, ಕುರ್ಚಿಯ ಮೇಲೆ ಕೂತ ತಾತ, ಪಕ್ಕದಲ್ಲಿ ನಿಂತ ಅಜ್ಜಿ. ಕೊರಟಗೆರೆಯ ಅತ್ತೆಯ ಮನೆಯಲ್ಲಿ ಆ ಸಾಲಿಗೆ ಗೊರವನಹಳ್ಳಿಯ ಮಹಾಲಕ್ಷ್ಮಿ ಬಂದು ಸೇರಿದಳು. ಬಾಗಿಲ ಹಿಂದೆ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರು. ಇಷ್ಟೆಲ್ಲ ಬದಲಾದರೂ ಆ ಕ್ಯಾಲೆಂಡರಿನ ಮೊಳೆ ಮಾತ್ರ ಎಷ್ಟೋ ಮನೆಗಳಲ್ಲಿ ಇನ್ನೂ ಅಲುಗಿಲ್ಲ.

ಆಮೇಲೆ ಬಂದದ್ದು ಆರ್‌ಸಿಸಿ, ಕೆಂಪು ನೆಲ, ಶೋಕೇಸು. ನಾನು ಸೊಸೆಯಾಗಿ ಶಿರಾಕ್ಕೆ ಬಂದದ್ದು 1979ರಲ್ಲಿ. ಆಗಷ್ಟೇ ನಮ್ಮ ಮನೆಗೆ ರೆಡ್ ಆಕ್ಸೈಡ್ ನೆಲ ಹಾಕಿದ್ದರು. ಸಿಮೆಂಟಿಗೆ ಕೆಂಪು ಪುಡಿ ಬೆರೆಸಿ, ಒಂದೇ ಹದದಲ್ಲಿ ಹರಡಿ, ಕರಣೆಯಿಂದ ತಿಕ್ಕಿ ತಿಕ್ಕಿ ಮಿಂಚು ತರಿಸುವ ಕೆಲಸ. ಕೈ ಸ್ವಲ್ಪ ತಡೆದರೆ ಬಣ್ಣ ಹೆಚ್ಚುಕಡಿಮೆ. ಆ ಗಾರೆಯವರು ಕೆಲಸ ಮುಗಿಸುವವರೆಗೂ ಮನೆಯವರು ಹೊಸ್ತಿಲಾಚೆಯೇ ನಿಂತಿದ್ದರಂತೆ. ನಮ್ಮತ್ತೆ ಹಬ್ಬಕ್ಕೊಮ್ಮೆ ಬಟ್ಟೆಗೆ ಕೊಬ್ಬರಿ ಎಣ್ಣೆ ಅದ್ದಿ ಒರೆಸುತ್ತಿದ್ದರು. ನೆಲದಲ್ಲಿ ಮುಖ ಕಾಣುತ್ತಿತ್ತು.

ಶೋಕೇಸಂತೂ ಎಂಬತ್ತರ ದಶಕದ ಅರಮನೆ. ಗೋಡೆಯೊಳಗೇ ಸಿಮೆಂಟಿನ ಹಲಗೆ, ಮುಂದೆ ಜಾರುವ ಗಾಜು. ಗೂಡನ್ನು ಕಳೆದುಕೊಂಡ ಮನೆ ಹತ್ತು ಗೂಡುಗಳನ್ನು ಒಟ್ಟಿಗೆ ಕಟ್ಟಿಸಿಕೊಂಡಂತೆ ಕಾಣುತ್ತಿತ್ತು. ಒಳಗೆ ಏನೇನಿತ್ತು ನಿಮಗೆ ನೆನಪಿದೆಯೆ? ಚನ್ನಪಟ್ಟಣದ ಗೊಂಬೆ, ತಿರುಪತಿಯಿಂದ ತಂದ ದಂಪತಿ ಬೊಂಬೆ, ಕನ್ಯಾಕುಮಾರಿಯ ಕಪ್ಪೆಚಿಪ್ಪಿನ ದೀಪ, ಗಾಜಿನ ಡಬ್ಬಿಯೊಳಗೆ ತಾಜಮಹಲು, ಮಕ್ಕಳ ಓಟದ ಪಂದ್ಯದ ಕಪ್ಪು, ಬಂದವರಿಗೆಂದು ಎತ್ತಿಟ್ಟು ಯಾರಿಗೂ ಕೊಡದ ಪಿಂಗಾಣಿ ಕಪ್ಪು ಬಸಿ. 1981ರಲ್ಲಿ ಬೆಂಗಳೂರು ದೂರದರ್ಶನ ಶುರುವಾಗಿ, 1987ರ ‘ರಾಮಾಯಣ’ದ ಹೊತ್ತಿಗೆ ಟೀವಿ ಬಂದು ಶೋಕೇಸಿನ ನಡುಮಧ್ಯದಲ್ಲಿ ಕೂತಿತು. ಅದಕ್ಕೂ ಒಂದು ಕ್ರೋಷಾ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಹೂದಾನಿ.

ಈ ಶೋಕೇಸಿನಲ್ಲಿ ಅರ್ಧ ಕೊಂಡದ್ದಾದರೆ ಅರ್ಧ ನಾವೇ ಮಾಡಿದ್ದು. ಸುಧಾ, ತರಂಗಗಳ ಪುಟ ಕತ್ತರಿಸಿಟ್ಟುಕೊಂಡು, ಮಧ್ಯಾಹ್ನ ಊಟವಾದ ಮೇಲೆ ಜಗಲಿಯ ಮೇಲೆ ಸೇರಿ ಕಸೂತಿ, ಮಣಿ ಕೆಲಸ, ವೈರ್ ಬುಟ್ಟಿ ಹೆಣೆಯುತ್ತಿದ್ದೆವು. ಬಳೆಚೂರಿನ ತೋರಣ, ‘ಸುಸ್ವಾಗತ’ ಎಂದು ಹೆಣೆದ ಚೌಕಟ್ಟು, ಮಣಿಯ ಹಂಸ. ಸಂಬಳ ತರದ ಹೆಂಗಸು ಮನೆಯ ಮುಂಗೋಡೆಯ ಮೇಲೆ ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ವಸ್ತುವನ್ನು ತೂಗುಹಾಕಿದ್ದು ಆ ಕಾಲದಲ್ಲೇ ಇರಬೇಕು. ಹೆಣ್ಣು ನೋಡಲು ಬಂದವರಿಗೆ ಅದನ್ನು ತೋರಿಸಿ “ನಮ್ಮ ಹುಡುಗಿ ಮಾಡಿದ್ದು” ಎನ್ನುತ್ತಿದ್ದರು. ಅದರಲ್ಲಿ ಪ್ರದರ್ಶನವೂ ಇತ್ತು, ನಿಜ. ಆದರೂ ಅದು ಅವಳ ಕೈಯದು.

ಈಗ ಶೋಕೇಸಿನ ಕಾಲ ಮುಗಿಯುತ್ತಿದೆ. ಹೆದ್ದಾರಿಯೂರಾದ ಶಿರಾದಲ್ಲಿ ಟೈಲ್ಸು, ಪ್ಲೈವುಡ್ಡು, ಜಿಪ್ಸಂ ಅಂಗಡಿಗಳಿಗೆ ಬರವಿಲ್ಲ. ಆರಿಂಚಿನ ಸಿಮೆಂಟು ಇಟ್ಟಿಗೆಯ ಗೋಡೆಯಲ್ಲಿ ಗೂಡೂ ಕೂರದು, ಶೋಕೇಸೂ ಕೂರದು. ಹಾಗಾಗಿ ಗೋಡೆಯ ಮೇಲೆ ಪ್ಲೈವುಡ್ಡಿನ ಟೀವಿ ಯೂನಿಟ್ಟು, ತಲೆಯ ಮೇಲೆ ಬಣ್ಣದ ಬೆಳಕಿನ ಫಾಲ್ಸ್ ಸೀಲಿಂಗು. ಪಾವಗಡದ ತಿರುಮಣಿಯ ಸುತ್ತ 13,000 ಎಕರೆಯಲ್ಲಿ ಸೋಲಾರ್ ಪಾರ್ಕು ಬಂತು. 2019ರ ಕೊನೆಗೆ ಪೂರ್ಣ 2,050 ಮೆಗಾವಾಟಿಗೆ ಮುಟ್ಟಿತು. ರೈತರ ಜಮೀನನ್ನು ಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಆ ಕಡೆ ಅಕ್ಕನ ನೆಂಟರೊಬ್ಬರ ಮನೆಗೆ ಹೋಗಿದ್ದೆ. ಚಪ್ಪಡಿ ಮನೆ ಕೆಡವಿ ಆರ್‌ಸಿಸಿ ಕಟ್ಟಿದ್ದರು. “ಮನೆ ಬಲು ಚೆಂದ ಐತವ್ವ, ಮಧ್ಯಾಹ್ನ ಮಾತ್ರ ಒಳಗಿರಕ್ಕಾಗಲ್ಲ” ಎಂದು ಆ ಮನೆಯಾಕೆ ನಕ್ಕರು. ಅಡುಗೆಮನೆಯಲ್ಲಿ ಹಿತ್ತಾಳೆ ಕೊಳದಪ್ಪಲೆ ಇದ್ದ ಜಾಗದಲ್ಲಿ ಇಪ್ಪತ್ತು ಲೀಟರಿನ ನೀರಿನ ಕ್ಯಾನು. ಅದನ್ನು ಫ್ಯಾಷನ್ ಎನ್ನುವಂತಿಲ್ಲ. ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಇದೆ, ಶುದ್ಧ ನೀರಿನ ಘಟಕದಿಂದ ತರದೆ ವಿಧಿಯಿಲ್ಲ. ಮನೆಯ ರೂಪವನ್ನು ನಮ್ಮ ರುಚಿಗಿಂತ ಹೆಚ್ಚಾಗಿ ನೀರು, ದುಡ್ಡು, ಗೋಡೆಯ ದಪ್ಪ ಇವೇ ತೀರ್ಮಾನಿಸುತ್ತವೆ.

ಹೋದ ವರ್ಷ ನಮ್ಮ ಮನೆಯಲ್ಲೂ ಈ ಮಾತು ಬಂತು. ಶೋಕೇಸು ಒಡೆದು, ನೆಲ ಅಗೆದು, ಟೈಲ್ಸು ಹಾಕಿಸೋಣ ಎಂದ ಮಗ. ಬೆಂಗಳೂರಿನಲ್ಲಿರುವ ಮಗಳು ಫೋನಿನಲ್ಲೇ ಕೂಗಾಡಿದಳು. “ಅಮ್ಮ, ಒಡೆಸಬೇಡ. ಇಲ್ಲಿ ಹೊಸ ಮನೆ ಕಟ್ಟೋರು ದುಡ್ಡು ಕೊಟ್ಟು ರೆಡ್ ಆಕ್ಸೈಡ್ ಹಾಕಿಸ್ತಿದ್ದಾರೆ, ಹಾಕೋರೇ ಸಿಗ್ತಿಲ್ಲ!” ಎಂದಳು. ಸೊಸೆ ಫೋನು ಇಸಿದುಕೊಂಡು ಮೆಲ್ಲಗೆ ಹೇಳಿದಳು: “ಅಕ್ಕ, ನೀವು ವರ್ಷಕ್ಕೆರಡು ಸಲ ಬಂದು ನೋಡ್ತೀರಿ. ಬಿರುಕಲ್ಲಿ ಕೂತ ಇರುವೆ ಓಡಿಸೋಳು, ದಿನಾ ಒರೆಸೋಳು ನಾನು.”

ಫೋನಿನ ಎರಡೂ ಕಡೆ ಮೌನ. ಇಬ್ಬರ ಮಾತೂ ನ್ಯಾಯವೇ. ಆದರೆ ನೆಲ ಯಾರ ಬೆನ್ನಿನ ಮೇಲೆ ಮಿಂಚಬೇಕೋ ಅವಳ ಮಾತಿಗೆ ಒಂದು ಗುಂಜಿ ತೂಕ ಹೆಚ್ಚು ಎಂದು ನನಗನ್ನಿಸಿತು. ಹಾಲಿಗೆ ಟೈಲ್ಸು ಬಂತು. ಬಿರುಕಿಲ್ಲದ ನಡುಮನೆಯ ಕೆಂಪು ನೆಲ ಉಳಿಯಿತು. ಅದನ್ನು ಒರೆಸುವ ಪಾಳಿ ಮಗನದು, ಅದೂ ಸೊಸೆಯದೇ ಷರತ್ತು.

ಶೋಕೇಸು ಖಾಲಿ ಮಾಡುವಾಗ ನಮ್ಮತ್ತೆ ಹೆಣೆದ ಮಣಿಯ ನವಿಲು ಸಿಕ್ಕಿತು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ನನ್ನ ಮೊಮ್ಮಗಳು ಅದನ್ನು ತಿರುಗಿಸಿ ನೋಡಿ, “ಇದು ಯಾರು ಮಾಡಿದ್ದಜ್ಜಿ?” ಎಂದು ಕೇಳಿದಳು. ಚೌಕಟ್ಟಿನ ಹಿಂದೆ ಕಟ್ಟು ಹಾಕಿಕೊಟ್ಟ ಅಂಗಡಿಯ ಚೀಟಿಯಿತ್ತು, ಅತ್ತೆಯ ಹೆಸರಿರಲಿಲ್ಲ. ಶಿರಾದ ಅರಮನೆ ಅಳಿದರೂ ದಿಲಾವರ್ ಖಾನನ ಹೆಸರು ಪುಸ್ತಕದಲ್ಲಿ ಉಳಿಯಿತು. ಅರಮನೆಯ ಗೋಡೆಗೆ ಮಣ್ಣು ಮೆತ್ತಿದವರ ಹೆಸರನ್ನು ಯಾರೂ ಬರೆದಿಡಲಿಲ್ಲ.

ನೀವೂ ಮನೆ ರಿಪೇರಿಗೆ ಹೊರಟಿದ್ದರೆ ಶೋಕೇಸು ಒಡೆಸಿ, ಬೇಡವೆನ್ನುವುದಿಲ್ಲ. ಒಡೆಸುವ ಮುಂಚೆ ಒಳಗಿರುವ ಕಸೂತಿ, ಮಣಿಚಿತ್ರಗಳನ್ನೊಮ್ಮೆ ಹೊರಗೆ ತೆಗೆದು, ಮಾಡಿದವರು ಬದುಕಿದ್ದರೆ ಕೇಳಿ, ಇಲ್ಲದಿದ್ದರೆ ನೆನಪಿದ್ದವರನ್ನು ಕೇಳಿ, ಹಿಂದೆ ಹೆಸರು ಮತ್ತು ಇಸವಿ ಬರೆಯಿರಿ. ಅದಕ್ಕೆ ಒಂದು ಪೆನ್ಸಿಲ್ಲು ಸಾಕು. ಅತ್ತೆಯ ನವಿಲಿನ ಬೆನ್ನ ಮೇಲೆ ನಾವು ಬರೆದದ್ದು ಇಷ್ಟೇ: ಅವರ ಹೆಸರು, ‘ಶಿರಾ, 1983’. ಅಕ್ಷರ ಮೊಮ್ಮಗಳದು.