ಮನೆಯೊಳಗಿನ ಹೆಣ್ಣು, ಮನೆ ಕಾಯುವ ಗಂಡು: ಸೋವಿಯತ್ತೋತ್ತರ ರಷ್ಯನ್ ಗದ್ಯದ ಎರಡು ದೃಷ್ಟಿಗಳು

ಕನ್ನಡದ ‘ನಾನು ಬಂದೆ’ ಎಂಬ ವಾಕ್ಯವು ಹೇಳಿದವರು ಗಂಡೋ ಹೆಣ್ಣೋ ಎಂಬುದನ್ನು ತಿಳಿಸುವುದಿಲ್ಲ. ರಷ್ಯನ್ ಭಾಷೆಯ ಭೂತಕಾಲದ ಕ್ರಿಯಾಪದ ಅದನ್ನು ಮರೆಮಾಚಲಾರದು: ಗಂಡು ‘ಪ್ರಿಶೋಲ್’ ಎಂದರೆ ಹೆಣ್ಣು ‘ಪ್ರಿಶ್ಲಾ’ ಎನ್ನುತ್ತಾಳೆ. ಮರಾಠಿಯ ‘ಮೀ ಆಲೋ’, ‘ಮೀ ಆಲೇ’ ರೂಪಗಳನ್ನು ಬಲ್ಲ ಸೊಲ್ಲಾಪುರ, ಜತ್ತ ಸೀಮೆಯ ಕನ್ನಡಿಗರಿಗೆ ಈ ಭೇದ ಅಪರಿಚಿತವಲ್ಲ. ಆದರೆ ವ್ಯಾಕರಣ ಸೂಚಿಸುವ ಲಿಂಗವೂ ಕಥನದ ದೃಷ್ಟಿಯೂ ಒಂದೇ ಅಲ್ಲ.

1991ರಲ್ಲಿ ಸೋವಿಯತ್ ಒಕ್ಕೂಟ ಕುಸಿಯುವ ಹೊತ್ತಿಗೆ ‘ಹೊಸ ಅಮೆಜಾನರು’ ಮೊದಲಾದ ಸಂಕಲನಗಳ ಮೂಲಕ ‘ಸ್ತ್ರೀಗದ್ಯ’ ಎಂಬ ಹೆಸರು ಚಲಾವಣೆಗೆ ಬಂದಿತ್ತು. ಅಡುಗೆಮನೆ, ಹೆರಿಗೆ, ಆಸ್ಪತ್ರೆಗಳ ಬರಹವೆಂದು ಅದನ್ನು ಕಡೆಗಣಿಸಿದವರೂ ಇದ್ದರು. ಆ ತೀರ್ಪನ್ನು ಪರೀಕ್ಷಿಸಲು ಎರಡು ಕೃತಿಗಳು ನೆರವಾಗುತ್ತವೆ: ಲ್ಯುದ್ಮಿಲಾ ಪೆತ್ರುಶೆವ್‌ಸ್ಕಯಾ ಅವರ ‘ಸಮಯ: ರಾತ್ರಿ’ (1992) ಮತ್ತು ವ್ಲಾದಿಮೀರ್ ಮಕಾನಿನ್ ಅವರ ‘ಭೂಗತ, ಅಥವಾ ನಮ್ಮ ಕಾಲದ ನಾಯಕ’ (1998).

ಎರಡರ ನಿರೂಪಕರೂ ಮನ್ನಣೆ ದಕ್ಕದ ಬರಹಗಾರರು. ಮಕಾನಿನ್ ಅವರ ಪೆತ್ರೋವಿಚ್‌ಗೆ ಸ್ವಂತ ಮನೆಯಿಲ್ಲ. ಅನ್ಯರ ಫ್ಲ್ಯಾಟುಗಳನ್ನು ಕಾಯುತ್ತ ಬದುಕುವ ಅವನು ಈ ನಿರ್ಗತಿಯನ್ನೇ ಸ್ವಾತಂತ್ರ್ಯವಾಗಿ ಕಾಣುತ್ತಾನೆ. ಪೆತ್ರುಶೆವ್‌ಸ್ಕಯಾ ಅವರ ಆನ್ನಾಳಿಗೆ ಮನೆಯುಂಟು, ಬಿಡುವಿಲ್ಲ. ಮೊಮ್ಮಗ, ಮಗಳು, ಸೆರೆಯಿಂದ ಮರಳಿದ ಮಗ ಇವರೆಲ್ಲರ ನಡುವೆ ಅವಳ ಪಾಲಿಗೆ ಉಳಿಯುವುದು ಇರುಳು ಮಾತ್ರ.

ಎರಡೂ ಕಥನಗಳಲ್ಲಿ ರಕ್ತಸಂಬಂಧಿಯೊಬ್ಬರು ಮಾನಸಿಕ ಆಸ್ಪತ್ರೆಯಲ್ಲಿದ್ದಾರೆ. ಪೆತ್ರೋವಿಚ್‌ನ ತಮ್ಮ ಪ್ರತಿಭಾವಂತ ಚಿತ್ರಕಾರ. ಅವನ ಸ್ಥಿತಿ ಪ್ರಭುತ್ವ ಎಸಗಿದ ಅಪರಾಧಕ್ಕೆ ಸಾಕ್ಷಿ. ಆನ್ನಾಳ ತಾಯಿಯ ಕಾಯಿಲೆ ಬೇರೆ ಪ್ರಶ್ನೆಗಳನ್ನು ಒಡ್ಡುತ್ತದೆ: ಮನೆಗೆ ತಂದರೆ ಮಲಗಿಸುವುದೆಲ್ಲಿ, ಆರೈಕೆ ಯಾರದು? ಮೊದಲನೆಯದನ್ನು ಚರಿತ್ರೆಯೆಂದೂ ಎರಡನೆಯದನ್ನು ಸಂಸಾರದ ಗೋಳೆಂದೂ ವಿಂಗಡಿಸುವುದು ಸರಿಯಲ್ಲ. ಪ್ರಭುತ್ವ ಮುರಿದ ಮನುಷ್ಯರು ಕೊನೆಗೆ ಬಂದು ಸೇರುವುದು ಯಾರದೋ ಮನೆಗೇ. ಆ ಹೊರೆಯನ್ನು ದಾಖಲಿಸಿದ್ದೂ ಚರಿತ್ರೆಯೇ.

ಈ ಭೇದವನ್ನು ಲೇಖಕರ ಲಿಂಗಕ್ಕೆ ಕಟ್ಟಿಹಾಕಲಾಗದು. 2001ರಲ್ಲಿ ರಷ್ಯನ್ ಬುಕರ್ ಪಡೆದ ಮೊದಲ ಮಹಿಳೆ ಲ್ಯುದ್ಮಿಲಾ ಉಲಿತ್ಸ್‌ಕಯಾ ತಮ್ಮ ‘ಕುಕೋತ್ಸ್‌ಕಿ ಪ್ರಕರಣ’ದ ಕೇಂದ್ರದಲ್ಲಿರಿಸಿದ್ದು ಪುರುಷ ವೈದ್ಯನನ್ನು. 1936ರಿಂದ 1955ರವರೆಗೆ ಜಾರಿಯಲ್ಲಿದ್ದ ಗರ್ಭಪಾತ ನಿಷೇಧವು ಹೆಂಗಸರ ಒಡಲಿಗೆ ಎಸಗಿದ ಹಾನಿಯನ್ನು ಕಾಣುವುದು ಅವನ ಕಣ್ಣೇ.

ಆದ್ದರಿಂದ ದೃಷ್ಟಿಯನ್ನು ನಿರ್ಧರಿಸುವುದು ನಿರೂಪಕರು ಹೊತ್ತ ಹೊಣೆ. ರಷ್ಯನ್ ಕ್ರಿಯಾಪದದ ಲಿಂಗ ಕನ್ನಡದ ‘ನಾನು’ವಿನಲ್ಲಿ ಕರಗಿಹೋಗುತ್ತದೆ, ಈ ಹೊಣೆ ಕರಗದಂತೆ ನೋಡಿಕೊಳ್ಳುವುದು ಅನುವಾದಕರ ಕೆಲಸ.