ಒಳಸುದ್ದಿ ಮತ್ತು ಕಾನೂನು: 1996ರ ಒಂದು ಷೇರು ಖರೀದಿ

ಕಂಪನಿಯ ಗೋಪ್ಯ ಮಾಹಿತಿಯನ್ನು ಒಳಗಿನವರು ಹೊರಗೆ ಹಂಚುವುದನ್ನೂ ಅದರ ಬಲದಿಂದ ಷೇರು ವ್ಯವಹರಿಸುವುದನ್ನೂ ಸೆಬಿಯ 1992ರ ನಿಯಮಾವಳಿ ನಿಷೇಧಿಸಿತು. ಆದರೆ ಮಾಹಿತಿ ಎಲ್ಲಿಯವರೆಗೆ ಗೋಪ್ಯ ಎಂಬುದು ಅದರಲ್ಲಿ ಸ್ಪಷ್ಟವಿರಲಿಲ್ಲ.

1996ರ ಮಾರ್ಚ್‌ನಲ್ಲಿ ಹಿಂದುಸ್ತಾನ್ ಲೀವರ್ ಕಂಪನಿಯು ಬ್ರೂಕ್ ಬಾಂಡ್ ಲಿಪ್ಟನ್ ಇಂಡಿಯಾದ 8 ಲಕ್ಷ ಷೇರುಗಳನ್ನು ಯೂನಿಟ್ ಟ್ರಸ್ಟ್‌ನಿಂದ ಕೊಂಡಿತು; ಏಪ್ರಿಲ್‌ನಲ್ಲಿ ಇವೆರಡರ ವಿಲೀನ ಪ್ರಕಟವಾಯಿತು. ಜನಸಾಮಾನ್ಯರ ಉಳಿತಾಯವನ್ನು ನಿರ್ವಹಿಸುತ್ತಿದ್ದ ಟ್ರಸ್ಟ್‌ಗೆ ಪರಿಹಾರ ನೀಡುವಂತೆ 1998ರಲ್ಲಿ ಸೆಬಿ ಆದೇಶಿಸಿತು. ಲೀವರನ್ನು ಒಳಗಿನ ಪಕ್ಷವೆಂದು ಒಪ್ಪಿಯೂ, ವಿಲೀನದ ಸುದ್ದಿ ಪತ್ರಿಕೆಗಳಲ್ಲಿ ಮೊದಲೇ ಹರಡಿತ್ತೆಂಬ ಕಾರಣದಿಂದ ಮೇಲ್ಮನವಿ ಪ್ರಾಧಿಕಾರ ಅದೇ ವರ್ಷ ಆದೇಶವನ್ನು ರದ್ದುಗೊಳಿಸಿತು.

2002ರ ತಿದ್ದುಪಡಿ ಈ ತೆರಪನ್ನು ಮುಚ್ಚಿತು: ಮಾಧ್ಯಮಗಳ ಊಹಾವರದಿಯನ್ನು ಪ್ರಕಟಿತ ಮಾಹಿತಿಯೆಂದು ಪರಿಗಣಿಸತಕ್ಕದ್ದಲ್ಲ ಎಂದು ಅದು ವಿಧಿಸಿತು. ಊಹಿಸುವವನಿಗೂ ಬಲ್ಲವನಿಗೂ ಇರುವ ಅಂತರವನ್ನು ಕಾನೂನು ಹೀಗೆ, ಒಂದು ಸೋಲಿನ ಬಳಿಕ, ಗುರುತಿಸಿತು.