ಬೆಳ್ಳುಳ್ಳಿಯ ಘಾಟು

ಇಡಿಯ ಬೆಳ್ಳುಳ್ಳಿಗೆ ಘಾಟಿಲ್ಲ. ಗಡ್ಡೆಯನ್ನು ಮೂಗಿನ ಬಳಿ ಹಿಡಿದರೂ ವಾಸನೆ ಅಷ್ಟಕ್ಕಷ್ಟೆ. ಒರಳಿಗೆ ಹಾಕಿ ಜಜ್ಜಿದೊಡನೆಯೇ ಅಡಿಗೆಮನೆಯಿಂದ ಪಡಸಾಲೆಯವರೆಗೂ ಅದರ ಸುದ್ದಿ ಮುಟ್ಟುತ್ತದೆ. ಅಡಿಗೆ ಮಾಡುವವರೆಲ್ಲರೂ ಬಲ್ಲ ಈ ಸಂಗತಿಯ ಅರ್ಥ ರಸಾಯನಜ್ಞರಿಗೆ ಹೊಳೆಯಲು ನೂರು ವರ್ಷಗಳೇ ಹಿಡಿದವು.

1844ರಲ್ಲಿ ವೆರ್ಟ್‌ಹೈಮ್ ಎಂಬಾತ ಬೆಳ್ಳುಳ್ಳಿಯನ್ನು ಹಬೆಯಲ್ಲಿ ಭಟ್ಟಿಯಿಳಿಸಿ ಕಟುವಾದ ಎಣ್ಣೆಯೊಂದನ್ನು ಪಡೆದ. 1892ರಲ್ಲಿ ಸೆಮ್ಲರ್ ಅದೇ ದಾರಿ ಹಿಡಿದು ಆ ಎಣ್ಣೆಯ ಮುಖ್ಯ ಗಂಧಕ ಸಂಯುಕ್ತವನ್ನು ಗುರುತಿಸಿದ. ಆದರೆ ಕುದಿಹಬೆಯ ಕಾವಿನಿಂದ ಇಳಿದುಬಂದದ್ದು ಬೆಳ್ಳುಳ್ಳಿಯ ಮೂಲಸತ್ತ್ವವಲ್ಲ, ಅದರ ಅವಶೇಷ.

ಎರಡನೆಯ ಮಹಾಯುದ್ಧದ ಕಾಲಕ್ಕೆ ಪೆನಿಸಿಲಿನ್ ಹೆಸರಾಯಿತು. ಬೂಷ್ಟಿನಲ್ಲಿ ಇಂಥ ಔಷಧವಿದ್ದರೆ ಹಸಿರು ಗಿಡಗಳಲ್ಲಿ ಏಕಿರಬಾರದು? ಆಸ್ಬಾರ್ನ್ ಎಂಬ ಸಂಶೋಧಕರು ಸುಮಾರು 2,300 ಸಸ್ಯಗಳ ರಸವನ್ನು ಎರಡು ಏಕಾಣುಜೀವಿಗಳ ಮೇಲೆ ಪರೀಕ್ಷಿಸಿ 1943ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು, ಕುರು ಕೀವುಗಳಿಗೆ ಕಾರಣವಾದ ಸ್ಟೆಫಿಲೊಕಾಕಸ್. ಇನ್ನೊಂದು, ಕರುಳಿನಲ್ಲಿ ವಾಸಿಸುವ ಎಶ್ಚರೀಶಿಯ ಕೋಲಿ. ಇಂಥ ಪರೀಕ್ಷೆಯ ಕ್ರಮ ಸರಳವಾದದ್ದು. ಅಗರ್ ಹರಡಿದ ತಟ್ಟೆಯಲ್ಲಿ ಏಕಾಣುಗಳನ್ನು ಬಿತ್ತಿ ನಡುವೆ ರಸವಿಡುತ್ತಾರೆ. ರಸಕ್ಕೆ ಶಕ್ತಿಯಿದ್ದರೆ ಸುತ್ತ ಏನೂ ಬೆಳೆಯದೆ ತಿಳಿಯಾದ ಬಳೆಯೊಂದು ಉಳಿಯುತ್ತದೆ. ಹಾಗೆ ಗುಣ ತೋರಿದ್ದು 63 ಕುಲಗಳ ಸಸ್ಯಗಳು ಮಾತ್ರ. ಪ್ರತಿ ಎಲೆಯೂ ಮದ್ದೆಂದು ಹೇಳುವ ನಮ್ಮ ಹಿರಿಯರಿಗೆ ಈ ಲೆಕ್ಕ ರುಚಿಸುತ್ತಿರಲಿಲ್ಲ.

ಮರುವರ್ಷವೇ ಬೆಳ್ಳುಳ್ಳಿಯ ಗುಟ್ಟು ಹೊರಬಿತ್ತು. ನ್ಯೂಯಾರ್ಕ್ ರಾಜ್ಯದ ವಿಂಥ್ರಾಪ್ ಔಷಧ ಕಂಪೆನಿಯ ಕ್ಯಾವಲಿಟೊ ಮತ್ತು ಬೈಲಿ ಹಬೆಯ ಗೊಡವೆಗೆ ಹೋಗಲಿಲ್ಲ. 4 ಕಿಲೋ ಬೆಳ್ಳುಳ್ಳಿಯನ್ನು ಅರೆದು ಮದ್ಯಸಾರದಲ್ಲಿ ತಣ್ಣಗೆ ನೆನೆಸಿದರು. ಕೊನೆಗೆ ದಕ್ಕಿದ್ದು 6 ಗ್ರಾಂ ಎಣ್ಣೆ. ಅದನ್ನು ಅಲಿಸಿನ್ ಎಂದು ಕರೆದರು. ಪೆನಿಸಿಲಿನ್ನಿನಷ್ಟು ತೀವ್ರವಲ್ಲದಿದ್ದರೂ, ಪೆನಿಸಿಲಿನ್ನಿಗೆ ಸುಲಭವಾಗಿ ಬಗ್ಗದ ಕರುಳಿನ ಏಕಾಣುಗಳನ್ನೂ ಅದು ತಡೆಯಿತು.

1948ರಲ್ಲಿ ಸ್ವಿಟ್ಜರ್ಲೆಂಡಿನ ಸ್ಟೋಲ್ ಮತ್ತು ಸೀಬೆಕ್ ಉಳಿದ ಕಥೆಯನ್ನು ಬಿಡಿಸಿದರು. ಎಸಳಿನಲ್ಲಿ ಅಲಿಸಿನ್ ಇರುವುದೇ ಇಲ್ಲ! ಇರುವುದು ವಾಸನೆಯಿಲ್ಲದ ಅಲೀನ್. ಅದನ್ನು ಅಲಿಸಿನ್ ಆಗಿಸುವ ಕಿಣ್ವ ಬೇರೆಡೆಗಿದೆ. ಒಂದೇ ಮನೆಯ ಬೇರೆ ಬೇರೆ ಕೋಣೆಗಳಲ್ಲಿರುವ ಇವೆರಡರ ನಡುವಿನ ಗೋಡೆ ಜಜ್ಜಿದಾಗ ಒಡೆಯುತ್ತದೆ. ಕಾವು ತಗುಲಿದರೆ ಕಿಣ್ವ ಕೆಡುತ್ತದೆ. ಆದುದರಿಂದ ಒಗ್ಗರಣೆಯಲ್ಲಿ ಇಡಿಯಾಗಿ ಹುರಿದ ಎಸಳು ನಾಲಗೆಗೆ ಹಿತವೇ ಹೊರತು ರೋಗಾಣುಗಳಿಗೆ ಭಯವಿಲ್ಲ.

ಇಷ್ಟಾದರೂ ಅಲಿಸಿನ್ ಔಷಧದಂಗಡಿ ಸೇರಲಿಲ್ಲ. ತಟ್ಟೆಯಲ್ಲಿ ಗೆದ್ದದ್ದು ಮೈಯಲ್ಲಿಯೂ ಗೆಲ್ಲಬೇಕೆಂದಿಲ್ಲ. ಅದು ಬಹುಬೇಗ ಕೆಟ್ಟುಹೋಗುತ್ತದೆ, ನೆತ್ತರಲ್ಲಿ ನಿಲ್ಲುವುದಿಲ್ಲ. ಹಸಿ ಬೆಳ್ಳುಳ್ಳಿಯನ್ನು ಅರೆದು ಚರ್ಮಕ್ಕೆ ಕಟ್ಟಿ ಬೊಕ್ಕೆಯೆಬ್ಬಿಸಿಕೊಂಡವರೂ ಇದ್ದಾರೆ. ಒಂದಾದ ಮೇಲೊಂದರಂತೆ ಹೊಸ ಔಷಧಗಳು ಬರುತ್ತಿದ್ದ ಆ ದಿನಗಳಲ್ಲಿ ಇದರ ಹಿಂದೆ ಬೀಳುವ ವ್ಯವಧಾನ ಯಾರಿಗಿತ್ತು?

ಆ ಔಷಧಗಳಿಗೂ ಏಕಾಣುಗಳು ಮಣಿಯದಾದವು. ಮೆಥಿಸಿಲಿನ್ನಿಗೆ ಜಗ್ಗದ ಸ್ಟೆಫಿಲೊಕಾಕಸ್ 1961ರಲ್ಲೇ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. ಇಂದು ಅದು ಲೋಕದ ಆಸ್ಪತ್ರೆಗಳಿಗೆಲ್ಲ ತಲೆನೋವು. ಇದೇ ಹಗೆಯ ಮೇಲೆ 2015ರಲ್ಲಿ ನಾಟಿಂಗ್‌ಹ್ಯಾಮಿನ ಸೂಕ್ಷ್ಮಜೀವಿ ವಿಜ್ಞಾನಿ ಫ್ರೇಯ ಹ್ಯಾರಿಸನ್, ಪ್ರಾಚೀನ ಇಂಗ್ಲಿಷ್ ಬಲ್ಲ ಕ್ರಿಸ್ಟೀನ ಲೀ ಮತ್ತು ಸಂಗಡಿಗರು ಸಾವಿರ ವರ್ಷ ಹಳೆಯ ಒಂದು ಮದ್ದನ್ನು ಪರೀಕ್ಷಿಸಿ ವರದಿ ಮಾಡಿದರು. ‘ಬಾಲ್ಡನ ವೈದ್ಯಗ್ರಂಥ’ದಲ್ಲಿ ರೆಪ್ಪೆಯಂಚಿನ ಕುರುವಿಗೆಂದು ಹೇಳಿದ ಕಣ್ಣಿನ ಮದ್ದು ಅದು. ಬೆಳ್ಳುಳ್ಳಿಗೆ ಈರುಳ್ಳಿ ಜಾತಿಯ ಇನ್ನೊಂದು ಗಿಡವನ್ನು ಸಮನಾಗಿ ಸೇರಿಸಿ ಕುಟ್ಟಬೇಕು. ದ್ರಾಕ್ಷಾಮದ್ಯ, ಎತ್ತಿನ ಪಿತ್ತರಸ ಬೆರೆಸಿ ಹಿತ್ತಾಳೆಯ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಟ್ಟು ಬಟ್ಟೆಯಲ್ಲಿ ಸೋಸಬೇಕು. ಸಂಶೋಧಕರು ಗಾಜಿನ ಸೀಸೆಗೆ ಹಿತ್ತಾಳೆಯ ಚೂರು ಹಾಕಿ, ದಿನಗಳ ಲೆಕ್ಕ ತಪ್ಪದೆ ಕಾದರು. ಆ ಮದ್ದು ಇಲಿಯ ಗಾಯದಲ್ಲಿದ್ದ ಹಟಮಾರಿ ಏಕಾಣುಗಳ ಬಹುಪಾಲನ್ನು ಕೊಂದಿತು.

ಇದೆಲ್ಲ ಬೆಳ್ಳುಳ್ಳಿಯೊಂದರದೇ ಪ್ರತಾಪವೇ? ವಾರಿಕ್ ವಿಶ್ವವಿದ್ಯಾಲಯದ ತಂಡ 2020ರಲ್ಲಿ ಇದಕ್ಕೂ ಉತ್ತರ ಹೇಳಿತು. ಬಿಡಿಬಿಡಿಯಾಗಿ ತೇಲುವ ಏಕಾಣುಗಳಿಗೆ ಅಲಿಸಿನ್ನೇ ಸಾಕು. ಅವು ಗುಂಪುಗೂಡಿ ಲೋಳೆಯ ಹೊದಿಕೆಯೊಳಗೆ ಅಡಗಿದರೆ ಬೆಳ್ಳುಳ್ಳಿ ಒಂಟಿಯಾಗಿ ಸೋಲುತ್ತದೆ. ಆಗ ಮದ್ಯ, ಪಿತ್ತರಸ, ಈರುಳ್ಳಿ ಎಲ್ಲವೂ ಬೇಕು.